ಎರಡು ತಾಸು ಕಾಯುವವರಿಗೆ ಯಾವ ಪುಸ್ತಕ?

ಜಮಖಂಡಿಯಲ್ಲಿ ನನ್ನದೊಂದು ಸಣ್ಣ ರಕ್ತ ತಪಾಸಣೆ ಲ್ಯಾಬ್ ಇದೆ. ಹೊರಗಿನ ಕೋಣೆಯಲ್ಲಿ ಆರು ಕುರ್ಚಿ, ಒಂದು ಬೆಂಚು, ಒಂದು ಕಬ್ಬಿಣದ ಕಪಾಟು. ಕಪಾಟಿನಲ್ಲಿ ಈಗ ಸುಮಾರು 340 ಪುಸ್ತಕ. ಅದರಲ್ಲಿ ಇವತ್ತಿಗೆ ನೂರಕ್ಕಿಂತ ಜಾಸ್ತಿ ಹೊರಗೇ ಇವೆ, ಜನರ ಮನೆಯಲ್ಲಿ. ಆರು ವರ್ಷದ ಹಿಂದೆ ಇದೇ ಮಾತು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಓದುಗರ ಕೂಟ ನಡೆಸುವ ಗೆಳೆಯರು ಆಗ ಒಂದೇ ಮಾತು ಹೇಳಿದ್ದರು. "ರಕ್ತಾ ಕೊಡಾಕ ಬಂದವ್ರು ಪುಸ್ತಕ ಓದ್ತಾರೇನ್ರಿ? ಅವ್ರ ಜೀವಾ ರಿಪೋರ್ಟಿನ್ಯಾಗ ಇರತೈತಿ." ಇನ್ನೊಬ್ಬರು, ನಿವೃತ್ತ ಮಾಸ್ತರರು, ಥ್ರಿಲ್ಲರ್ ಜೊತೆ ವೈದ್ಯಕೀಯ ಪುಸ್ತಕ ಇಟ್ಟರೆ ಎರಡೂ ಕೆಡುತ್ತವೆ ಅಂದರು. ಈಗ ಅವರೇ ತಿಂಗಳಿಗೊಮ್ಮೆ ಬಂದು "ಈ ಸಲ ಏನು ಓದಿದ್ರಿ?" ಅಂತ ಕೇಳುತ್ತಾರೆ. ಆದ್ದರಿಂದ ಬರೆಯುತ್ತಿದ್ದೇನೆ.

ಇದನ್ನು ಓದುವ ನೀವೂ ಮನೆಯಲ್ಲೋ ಅಂಗಡಿಯಲ್ಲೋ ಕಪಾಟು ಇಟ್ಟವರು. ರಜಿಸ್ಟರ್ ಹೇಗೆ ಬರೆಯಬೇಕು, ರಟ್ಟು ಹೇಗೆ ಕಟ್ಟಬೇಕು, ನಂಬರ್ ಎಲ್ಲಿ ಅಂಟಿಸಬೇಕು, ಇದೆಲ್ಲಾ ನಿಮಗೆ ಗೊತ್ತು. ಅದನ್ನು ಬಿಡುತ್ತೇನೆ. ಯಾರಿಗೆ ಯಾವ ಪುಸ್ತಕ, ಯಾವಾಗ ಹೇಳಬೇಕು ಅನ್ನೋದಷ್ಟೇ ನನ್ನ ವಿಷಯ.

ಎಲ್ಲಾ ನಿಂತಿರೋದು ಎರಡು ತಾಸಿನ ಮೇಲೆ. ಸಕ್ಕರೆ ಕಾಯಿಲೆಯವರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಡುತ್ತಾರೆ. ಆಮೇಲೆ ನಾಷ್ಟಾ. ಮೊದಲ ತುತ್ತು ಬಾಯಿಗಿಟ್ಟ ಹೊತ್ತಿನಿಂದ ಎರಡು ತಾಸಿಗೆ ಮತ್ತೊಮ್ಮೆ ಕೊಡಬೇಕು. ಸಾವಳಗಿ, ತೇರದಾಳ, ಹಿಪ್ಪರಗಿ ಕಡೆಯಿಂದ ಬಂದವರು ಊರಿಗೆ ಹೋಗಿ ತಿರುಗಿ ಬರೋಕಾಗುವುದಿಲ್ಲ. ಹೋಟೆಲಿನಲ್ಲಿ ಇಡ್ಲಿಯೋ ಸುಸಲಾನೋ ತಿಂದು ಬಂದು ನನ್ನ ಬೆಂಚಿನ ಮೇಲೆ ಕೂರುತ್ತಾರೆ. ಹೋಗಿ ಬರೋದು, ತಿನ್ನೋದು ಸೇರಿ ಮುಕ್ಕಾಲು ತಾಸು. ಉಳಿದದ್ದು ಒಂದೂಕಾಲು ತಾಸು. ಆ ಗದ್ದಲದಲ್ಲಿ ಒಬ್ಬ ಸಾಧಾರಣ ಓದುಗ ಮೂವತ್ತೈದರಿಂದ ನಲವತ್ತು ಪುಟ ಓದುತ್ತಾನೆ. ನಾನು ಎಷ್ಟೋ ಸಲ ಗಡಿಯಾರ ನೋಡಿ ಎಣಿಸಿದ್ದೇನೆ.

ಇದು ಹೊಳೆಯೋಕೆ ಮೊದಲು ಮಾಡಿದ ತಪ್ಪುಗಳು ದುಬಾರಿ.

ಶುರು ಮಾಡಿದ್ದು 2019ರ ಬೇಸಿಗೆಯಲ್ಲಿ. ಆರೋಗ್ಯದ ಪುಸ್ತಕಗಳನ್ನೇ ಇಟ್ಟೆ. ಲ್ಯಾಬ್ ಅಲ್ವಾ, ಅದೇ ಸರಿ ಅನ್ನಿಸಿತ್ತು. ಸಕ್ಕರೆ ಕಾಯಿಲೆ, ಮೂತ್ರಪಿಂಡ, ಹೃದಯ, ಹೀಗೆ ಮೂವತ್ತು ಪುಸ್ತಕ, ನಾಲ್ಕೂವರೆ ಸಾವಿರ ರೂಪಾಯಿ. ಒಂದು ದಿನ ಕಬ್ಬಿನ ಬೆಳೆಗಾರರೊಬ್ಬರು ಕೂತು ಓದುತ್ತಿದ್ದರು. ವಯಸ್ಸು ಐವತ್ತರ ಮೇಲೆ. ಎಡಗೈ ಮಡಚಿ ಹತ್ತಿ ಒತ್ತಿ ಹಿಡಿದಿದ್ದಾರೆ, ಬಲಗೈ ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವುತ್ತಿದ್ದಾರೆ. ಡಯಾಲಿಸಿಸ್ ಬಗ್ಗೆ ಇದ್ದ ಪುಟಕ್ಕೆ ಬಂದಾಗ ಕೈ ನಿಂತಿತು. ಹತ್ತು ನಿಮಿಷ ಅದೇ ಪುಟ. ಆಮೇಲೆ ಪುಸ್ತಕವನ್ನು ಮೆಲ್ಲಗೆ ಬೆಂಚಿನ ಮೇಲೆ ಇಟ್ಟು ಎದ್ದು ಹೋದರು. ಎರಡನೇ ಸಲ ರಕ್ತ ಕೊಡೋಕೆ ಬರಲೇ ಇಲ್ಲ. ಆರು ತಿಂಗಳು ಬರಲಿಲ್ಲ. ಅವತ್ತಿನ ಅವರ ಖಾಲಿ ಹೊಟ್ಟೆಯ ಸಕ್ಕರೆ ನೋಡಿದರೆ ಅಷ್ಟು ಹೆದರುವಂಥದ್ದು ಏನೂ ಇರಲಿಲ್ಲ. ಹೆದರಿಸಿದ್ದು ನಾನು ಇಟ್ಟ ಪುಸ್ತಕ. ಅದು ಇವತ್ತಿಗೂ ನನಗೆ ಚುಚ್ಚುತ್ತದೆ.

ಅವತ್ತಿನಿಂದ ಒಂದು ನಿಯಮ. ರಿಪೋರ್ಟ್ ಕೈಗೆ ಬರೋಕೆ ಮುಂಚೆ, ಯಾರಿಗೂ ಅವರದೇ ರೋಗದ ಪುಸ್ತಕ ಕೊಡುವುದಿಲ್ಲ. ಕೇಳಿದರೂ ಕೊಡುವುದಿಲ್ಲ.

ಅದೇ ವರ್ಷ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿತು. ಹೊಳೆದಂಡೆಯ ಊರುಗಳಿಗೆ ಹೋಗಿದ್ದ ಪುಸ್ತಕ ಒಂದೂ ತಿರುಗಿ ಬರಲಿಲ್ಲ. ಮನೆಯೇ ಹೋದವರ ಹತ್ತಿರ ಪುಸ್ತಕ ಕೇಳೋದು ಹೇಗೆ? ರಜಿಸ್ಟರಿನಲ್ಲಿ ಗೆರೆ ಎಳೆದು ಬಿಟ್ಟೆ. ಮರುವರ್ಷ ಕೊರೊನಾ. ಕಪಾಟಿಗೆ ಬೀಗ ಹಾಕಿ ಒಂದೂವರೆ ವರ್ಷ ಸುಮ್ನೆ ಇಟ್ಟೆ. ಬೀಗ ತೆಗೆದಾಗ ಕೆಳಗಿನ ಸಾಲು ಪೂರ್ತಿ ಗೆದ್ದಲು ತಿಂದಿತ್ತು.

ಎರಡನೇ ಸುತ್ತಿನಲ್ಲಿ ಪ್ರಶಸ್ತಿ ಬಂದ ಪುಸ್ತಕಗಳನ್ನು ಕಟ್ಟು ಕಟ್ಟು ತಂದೆ. ಸುಮಾರು ಏಳು ಸಾವಿರ ಹೋಯಿತು. ನಾನೇ ಓದಿರದ ಪುಸ್ತಕ ಅವು. "ಇದು ಚಲೋ ಐತೇನ್ರಿ?" ಅಂತ ಯಾರಾದರೂ ಕೇಳಿದರೆ ಬೆನ್ನುಪುಟ ನೋಡಿ ಹೇಳುತ್ತಿದ್ದೆ. ಜನ ಮುಖ ನೋಡಿದರೆ ತಿಳಿದುಕೊಳ್ಳುತ್ತಾರೆ. ಓದಿರದವನ ಮಾತಿನಲ್ಲಿ ಕಾವು ಇರುವುದಿಲ್ಲ. ಆಮೇಲೆ ಗೋಡೆಗೆ ಹಲಗೆ ಹಾಕಿ, ವಾರಕ್ಕೊಂದು ಪುಸ್ತಕದ ಸಾರಾಂಶ ಸೀಮೆಸುಣ್ಣದಲ್ಲಿ ಬರೆದೆ. ಒಬ್ಬ ಹುಡುಗ ನಿಂತು ಪೂರ್ತಿ ಓದಿ, "ಕಥಿ ಗೊತ್ತಾತಲ್ರಿ ಸರ, ಇನ್ನ ಪುಸ್ತಕ ಯಾಕ?" ಅಂದ. ಅವತ್ತೇ ಹಲಗೆ ಇಳಿಸಿದೆ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಇನ್ನೂರು ರೂಪಾಯಿ ಠೇವಣಿ ಇಟ್ಟು ನೋಡಿದೆ, ಯಾರೂ ಪುಸ್ತಕ ಮುಟ್ಟಲಿಲ್ಲ. ಪುಕ್ಕಟೆ ಕೊಟ್ಟೆ, ಎಂಟು ತಿಂಗಳಲ್ಲಿ ನಲವತ್ತರ ಹತ್ತಿರ ಪುಸ್ತಕ ಕಳೆದುಹೋದವು. ಪುಸ್ತಕ ಒಯ್ದವರಿಗೆ ತಪಾಸಣೆಯಲ್ಲಿ ಹತ್ತು ಪರ್ಸೆಂಟ್ ಸೋಡಿ ಅಂದೆ. ಸೋಡಿಗೋಸ್ಕರ ಒಯ್ದರು, ಬಿಚ್ಚದೇ ತಂದರು. ಹಾಳೆ ನಡುವೆ ನಾನು ಇಟ್ಟ ಬೇವಿನ ಎಲೆ ಇಟ್ಟಲ್ಲೇ ಇತ್ತು. ಮೊದಲ ಮೂರು ವರ್ಷಕ್ಕೆ ಒಟ್ಟು ನಲವತ್ತು ಸಾವಿರದ ಮೇಲೆ ಖರ್ಚಾಗಿರಬೇಕು. ಅರ್ಧ ನೀರುಪಾಲು. ಮನೆಯಲ್ಲಿ ಮಾತು ಬಂತು. ನಮ್ಮ ಅಣ್ಣ ಅಂತೂ ಕಪಾಟು ತೆಗೆದು ಆ ಜಾಗದಲ್ಲಿ ಇನ್ನೊಂದು ಮಶೀನ್ ಹಾಕು ಅಂದ. ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ವಚನಗಳನ್ನು ಅಚ್ಚು ಹಾಕಿಸೋಕೆ ಮನೆ ಮಾರಿದರು, ಹಿತಚಿಂತಕ ಮುದ್ರಣಾಲಯ ನಡೆಸಿದರು, 1926ರಲ್ಲಿ ಶಿವಾನುಭವ ಪತ್ರಿಕೆ ಶುರು ಮಾಡಿದರು. ಅದನ್ನು ಅಣ್ಣನಿಗೆ ಹೇಳಿದೆ. "ಹಳಕಟ್ಟಿಯವ್ರು ನೀ ಅಲ್ಲ ತಮ್ಮಾ" ಅಂದ. ನಿಜ. ಆದರೂ ಕಪಾಟು ತೆಗೆಯಲಿಲ್ಲ.

ದಾರಿ ತೋರಿಸಿದ್ದು ಒಂದು ತಪಾಸಣೆ. ಎಚ್‌ಬಿಎ1ಸಿ. ನಮ್ಮ ಜನ ಅದಕ್ಕೆ ಮೂರು ತಿಂಗಳ ಸಕ್ಕರೆ ಅನ್ನುತ್ತಾರೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನ ಅದಕ್ಕೆ ಹತ್ತಿದ ಸಕ್ಕರೆಯನ್ನು ಈ ತಪಾಸಣೆ ಅಳೆಯುತ್ತದೆ. ಅದಕ್ಕೇ ವೈದ್ಯರು ಮೂರು ತಿಂಗಳಿಗೊಮ್ಮೆ ಬರೆದುಕೊಡುತ್ತಾರೆ. ಅಂದರೆ ಇವತ್ತು ಬಂದವರು ಮೂರು ತಿಂಗಳಿಗೆ ಮತ್ತೆ ಬರುವವರು. ಇದಕ್ಕಿಂತ ಒಳ್ಳೆಯ ವಾಯಿದೆ ಯಾವ ಗ್ರಂಥಾಲಯಕ್ಕೆ ಇದೆ? ಠೇವಣಿ ಇಲ್ಲ, ದಂಡ ಇಲ್ಲ. ಮುಂದಿನ ತಪಾಸಣೆಗೆ ಬರುವಾಗ ಪುಸ್ತಕ ತರಬೇಕು, ಅಷ್ಟೇ.

ಇಲ್ಲಿ ನಾನು ಎಣಿಸದೇ ಇದ್ದ ಲಾಭ ಬಂತು. "ತಪಾಸಣೆಗೆ ಬರ್ರಿ" ಅಂತ ಫೋನ್ ಮಾಡಿದರೆ ಯಾರಿಗೂ ಸೇರುವುದಿಲ್ಲ. "ಆ ಪುಸ್ತಕ ಮುಗೀತೇನ್ರಿ? ಇನ್ನೊಂದು ತೆಗೆದಿಟ್ಟೀನಿ" ಅಂದರೆ ನಗುತ್ತಾ ಮಾತಾಡುತ್ತಾರೆ, ಆ ವಾರವೇ ಬರುತ್ತಾರೆ. ಮೊದಲು ಹತ್ತು ಜನರಲ್ಲಿ ಮೂರು ನಾಲ್ಕು ಜನ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು. ಪುಸ್ತಕ ಒಯ್ದವರಲ್ಲಿ ಈಗ ಏಳು ಜನ ಬರುತ್ತಾರೆ. ಲ್ಯಾಬಿನ ದುಡಿಮೆಯೂ ಏರಿತು. ಹೋದ ವರ್ಷ ಪುಸ್ತಕಕ್ಕೆ ಹದಿನಾಲ್ಕು ಸಾವಿರ ಹಾಕಿದೆ, ಅದು ಪೂರ್ತಿ ಹಿಂದೆ ಬಂದು ಮೇಲೆ ಉಳಿಯಿತು. ಅಣ್ಣನಿಗೆ ಲೆಕ್ಕದ ಪುಸ್ತಕ ತೋರಿಸಿದೆ. ಈಗ ಅವನೇ ಕಬ್ಬಿಣದ ಎರಡನೇ ಕಪಾಟಿಗೆ ವೆಲ್ಡಿಂಗ್ ಮಾಡಿಸುತ್ತಿದ್ದಾನೆ.

ಈಗ ಕ್ರಮಕ್ಕೆ ಬರುತ್ತೇನೆ. ನಾನು ಮೂರರ ಗಂಟು ಅನ್ನುತ್ತೇನೆ. ಒಂದು ಥ್ರಿಲ್ಲರ್, ಒಂದು ಎದೆ ಬೆಚ್ಚಗೆ ಮಾಡುವ ಕತೆ, ಒಂದು ವೈದ್ಯಕೀಯ ಪುಸ್ತಕ. ಮೂರೂ ನಾನು ಇತ್ತೀಚೆಗೆ, ಅಂದರೆ ಎರಡು ತಿಂಗಳ ಒಳಗೆ ಓದಿದ್ದಿರಬೇಕು. ಮೊದಲೇ ಓದಿದ್ದಾದರೆ ಮತ್ತೊಮ್ಮೆ ಓದುತ್ತೇನೆ. ರಾತ್ರಿ ಹತ್ತರಿಂದ ಹನ್ನೆರಡು ನನ್ನ ಓದಿನ ಹೊತ್ತು. ಮೂರನ್ನೂ ಒಟ್ಟಿಗೇ ಓದುತ್ತೇನೆ, ಒಂದು ಬೇಸರ ಬಂದರೆ ಇನ್ನೊಂದು.

ಬೆಂಚಿನ ಮೇಲೆ ಕೊಡೋದು ಥ್ರಿಲ್ಲರ್. ಯಾವುದೋ ಥ್ರಿಲ್ಲರ್ ಅಲ್ಲ. ಮೂವತ್ತೈದರಿಂದ ನಲವತ್ತನೇ ಪುಟದ ಒಳಗೆ ಕತೆಗೆ ಗಂಟು ಬೀಳಬೇಕು, ಅಂದರೆ ಮುಂದೇನು ಅಂತ ತಿಳಿಯದೇ ಬಿಡೋಕಾಗದ ತಿರುವು ಬರಬೇಕು. ರಕ್ತ ಕೊಡೋ ಹೊತ್ತಿಗೆ ಓದುಗ ಆ ಗಂಟಿನಲ್ಲಿ ಸಿಕ್ಕಿರಬೇಕು. ಆಗ ಪುಸ್ತಕ ತಾನಾಗೇ ಚೀಲದೊಳಗೆ ಹೋಗುತ್ತದೆ. ಗಂಟು ಎಪ್ಪತ್ತನೇ ಪುಟದಲ್ಲಿದ್ದರೆ ಪುಸ್ತಕ ಎಷ್ಟೇ ಒಳ್ಳೆಯದಿರಲಿ, ನನ್ನ ಬೆಂಚಿಗೆ ಬರುವುದಿಲ್ಲ. ಮನೆಗೆ ಒಯ್ಯೋರ ಸಾಲಿನಲ್ಲಿ ಇರುತ್ತದೆ.

ರೈತರಿಗೆ ನಾನು ಮೊದಲು ಕೊಡೋದು ತೇಜಸ್ವಿಯವರ ಕರ್ವಾಲೊ. ಇದು ಥ್ರಿಲ್ಲರ್ ಹೌದೋ ಅಲ್ಲವೋ ಅಂತ ಮಾಸ್ತರರು ನನ್ನ ಜೊತೆ ಒಂದು ಸಂಜೆ ಪೂರ್ತಿ ವಾದ ಮಾಡಿದರು. ನನ್ನ ಲೆಕ್ಕದಲ್ಲಿ ಹೌದು. ಹಾರುವ ಓತಿಯ ಬೆನ್ನು ಹತ್ತಿ ಕಾಡು ಹೊಕ್ಕ ಮೇಲೆ ಯಾರು ಪುಸ್ತಕ ಕೆಳಗಿಡುತ್ತಾರೆ? ಶುರುವಾಗೋದೇ ಜೇನುತುಪ್ಪದ ಮಾತಿನಿಂದ. ಕತೆ ಹೇಳುವವನು ತೋಟದ ಕೆಲಸಕ್ಕೆ ಬೇಸತ್ತವನು. ನಮ್ಮ ಕಬ್ಬಿನವರಿಗೆ ಆ ಬೇಸರ ಚೆನ್ನಾಗಿ ಗೊತ್ತು, ಎರಡನೇ ಪುಟಕ್ಕೇ ಅವನ ಹತ್ತಿರ ಕೂತುಬಿಡುತ್ತಾರೆ. ನನ್ನ ಹತ್ತಿರ ಇದರ ಐದು ಪ್ರತಿ ಇವೆ, ಐದೂ ಕಪಾಟಿನಲ್ಲಿ ಒಟ್ಟಿಗೆ ನಿಂತದ್ದನ್ನು ನಾನು ನೋಡಿಲ್ಲ.

ಎಪ್ಪತ್ತು ದಾಟಿದವರು ಇನ್ನೂ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಕೇಳುತ್ತಾರೆ. ಬೆಳಗಾವಿಯ ಹಳೇ ಪುಸ್ತಕದವರ ಹತ್ತಿರ ಹನ್ನೊಂದು ಸಿಕ್ಕವು, ಒಂದಕ್ಕೆ ಮೂವತ್ತು ನಲವತ್ತು ರೂಪಾಯಿ. ಹಾಳೆ ಹಪ್ಪಳದಂತೆ ಮುರಿಯುತ್ತವೆ. ಅವನ್ನು ಮನೆಗೆ ಕೊಡುವುದಿಲ್ಲ. ಬೆಂಚಿನ ಮೇಲೆ ಮಾತ್ರ. ಎರಡು ತಾಸಿಗೆ ಮುಗಿಯದಿದ್ದರೆ ಮುಂದಿನ ತಿಂಗಳು ಸುಮ್ನೆ ಓದೋಕೇ ಬರುತ್ತಾರೆ.

ಇಂಗ್ಲಿಷ್ ಓದುವ ಹುಡುಗರಿಗೆ, ಅದರಲ್ಲೂ ನರ್ಸಿಂಗ್, ಡಿಎಂಎಲ್‌ಟಿ (ಲ್ಯಾಬ್ ಕೆಲಸದ ಡಿಪ್ಲೊಮಾ) ಓದುವವರಿಗೆ, ಜಪಾನಿನ ಹಿಗಾಶಿನೋ ಅವರ ಡಿವೋಶನ್ ಆಫ್ ಸಸ್ಪೆಕ್ಟ್ ಎಕ್ಸ್. 2005ರಲ್ಲಿ ಜಪಾನಿನಲ್ಲಿ ಬಂದದ್ದು. ಕೊಲೆ ಯಾರು ಮಾಡಿದರು ಅಂತ ಶುರುವಿನಲ್ಲೇ ಹೇಳಿಬಿಡುತ್ತಾರೆ. ಒಬ್ಬ ಗಣಿತದ ಮೇಷ್ಟ್ರು ಅದನ್ನು ಹೇಗೆ ಮುಚ್ಚಿಡುತ್ತಾನೆ ಅನ್ನೋದೇ ಕತೆ. ಹೋದ ತಿಂಗಳು ನಾನು ಎರಡನೇ ಸಲ ಓದಿದೆ. ಕೊನೆ ಗೊತ್ತಿದ್ದೂ ಗಂಟಲು ಕಟ್ಟಿತು.

ಥ್ರಿಲ್ಲರಿನ ಒಂದು ತೊಂದರೆ ಹೇಳಲೇಬೇಕು. ಒಬ್ಬರು ಬೇವಿನ ಮರದ ಕೆಳಗೆ ಕೂತು ಓದುತ್ತಾ ಎರಡು ತಾಸು ಮರೆತರು. ಬಂದಾಗ ಮೂರು ತಾಸಿನ ಹತ್ತಿರ. ಆ ರಕ್ತ ಲೆಕ್ಕಕ್ಕೆ ಬರುವುದಿಲ್ಲ. ಮರುದಿನ ನನ್ನ ಖರ್ಚಿನಲ್ಲೇ ಮತ್ತೆ ಮಾಡಿಕೊಟ್ಟೆ, ಅವರ ಬಸ್ಸಿನ ದುಡ್ಡನ್ನೂ ಕೊಟ್ಟೆ. ಈಗ ಪ್ರತಿಯೊಬ್ಬರ ಹೆಸರಿಗೂ ಮೊಬೈಲಿನಲ್ಲಿ ಅಲಾರ್ಮ್ ಇಡುತ್ತೇನೆ.

ಎರಡನೆಯದು ಕತೆ. ಇದು ಮನೆಗೆ ಹೋಗೋದು, ಮನೆಯವರೆಲ್ಲಾ ಓದಬೇಕಾದ್ದು. ನಮ್ಮ ಕಡೆ ಕೃಷ್ಣಮೂರ್ತಿ ಪುರಾಣಿಕರನ್ನು ಮೀರಿಸಿದವರಿಲ್ಲ. ಪಕ್ಕದ ಬೀಳಗಿಯವರು. ರಾಜಕುಮಾರ್ ಅವರ ಸನಾದಿ ಅಪ್ಪಣ್ಣ ಸಿನಿಮಾ ಬಂದದ್ದು ಇವರ ಬರಹದಿಂದ, 1977ರಲ್ಲಿ. ಐವತ್ತು ದಾಟಿದ ಹೆಣ್ಣುಮಕ್ಕಳಿಗೆ ಅಷ್ಟು ಹೇಳಿದರೆ ಸಾಕು. "ಹೌದೇನ್ರಿ? ಶಹನಾಯಿ ಬಿಸ್ಮಿಲ್ಲಾ ಖಾನರದು ಅಲ್ಲೇನ್ರಿ ಅದು?" ಅನ್ನುತ್ತಾ ಕೈ ಚಾಚುತ್ತಾರೆ. ಪುರಾಣಿಕರ ಹಳೇ ಕಾದಂಬರಿಗಳಲ್ಲಿ ಕೂಡು ಮನೆ, ಅತ್ತೆ, ಸೊಸೆ, ಸಾಲ ಎಲ್ಲಾ ಇದೆ. ಇದು ಹಳೇ ಕಾಲದ್ದು ಅಂತ ಮೂಗು ಮುರಿಯುವವರು ಒಮ್ಮೆ ರಬಕವಿ ಬನಹಟ್ಟಿಯ ಒಂದು ನೇಕಾರರ ಮನೆಗೆ ಹೋಗಿ ನೋಡಬೇಕು. ಅಲ್ಲಿ ಮಗಳು ಓದುತ್ತಾಳೆ, ಅವ್ವ ಕಂಡಿಗೆ ಸುತ್ತುತ್ತಾ ಕೇಳುತ್ತಾಳೆ. ಒಂದೇ ಪುಸ್ತಕಕ್ಕೆ ನಾಲ್ಕು ಓದುಗರು.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಹಾರ್ಟ್ ಲ್ಯಾಂಪ್‌ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಒಂದೇ ವಾರದಲ್ಲಿ ಇಪ್ಪತ್ತು ಜನ ಬಂದು ಕೇಳಿದರು. ಮೊದಲು ಪ್ರಶಸ್ತಿ ಪುಸ್ತಕದಿಂದ ಕೈ ಸುಟ್ಟುಕೊಂಡಿದ್ದೆ. ಈ ಸಲ ಮೊದಲು ನಾನು ಓದಿದೆ. 1990ರಿಂದ 2023ರ ನಡುವೆ ಬರೆದ ಹನ್ನೆರಡು ಕತೆ, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದದ್ದು. ನಮ್ಮ ಜನರಿಗೆ ಬೇಕಾದ್ದು ಕನ್ನಡದ ಬಾನು ಮುಷ್ತಾಕ್. ಅದಕ್ಕೇ ಅವರ ಕನ್ನಡ ಕತೆಗಳ ಎರಡು ಪುಸ್ತಕ ತರಿಸಿದೆ. ಆದರೆ ಇವನ್ನು ಬೆಚ್ಚಗಿನ ಕತೆ ಅಂತ ಹೇಳಿ ಕೊಡಬೇಡಿ. ಸುಡುವ ಕತೆಗಳು ಅವು. ಒಬ್ಬಾಕೆ ಓದಿ ತಂದುಕೊಟ್ಟು, ಬಹಳ ಹೊತ್ತು ಕಪಾಟಿನ ಮುಂದೆ ಸುಮ್ನೆ ನಿಂತಿದ್ದರು. "ಇನ್ನೊಂದು ಇಂಥಾದ್ದ ಕೊಡು ತಮ್ಮಾ" ಅಂದರು. ಯಾರಿಗೆ ಯಾವುದು ಬೇಕು ಅಂತ ನಾವು ಮುಂಚೆಯೇ ತೀರ್ಮಾನ ಮಾಡಬಾರದು ಅಂತ ಅವತ್ತು ಕಲಿತೆ.

ವೈದ್ಯಕೀಯ ಪುಸ್ತಕ ಮೂರನೇ ಸಲ, ಅಂದರೆ ಆರು ತಿಂಗಳಾದ ಮೇಲೆ. ಅಷ್ಟೊತ್ತಿಗೆ ನನ್ನ ಮಾತಿನ ಮೇಲೆ ನಂಬಿಕೆ ಬಂದಿರುತ್ತದೆ. ಬಸುರಿಯರಿಗೆ ಮಾತ್ರ ಈ ಕ್ರಮ ಇಲ್ಲ. ಅವರಿಗೆ ಮೊದಲ ದಿನವೇ ಡಾ. ಅನುಪಮಾ ನಿರಂಜನ ಅವರ ತಾಯಿ ಮಗು. ಸ್ವತಃ ವೈದ್ಯೆ, ಮೇಲೆ ಕತೆಗಾರ್ತಿ. ಪಕ್ಕದಲ್ಲಿ ಕೂತ ಅಕ್ಕ ಹೇಳಿದ ಹಾಗೆ ಬರೆದಿದ್ದಾರೆ. ಅವರು ತೀರಿಕೊಂಡದ್ದು 1991ರಲ್ಲಿ. ಆಮೇಲೆ ಲಸಿಕೆಗಳ ಪಟ್ಟಿ ಎಷ್ಟೋ ಬದಲಾಗಿದೆ. ಅದಕ್ಕೆ ಒಳರಟ್ಟಿಗೆ ಈಗಿನ ಲಸಿಕೆ ಪಟ್ಟಿ ಅಂಟಿಸಿ, "ಔಷಧಿ, ಇಂಜೆಕ್ಷನ್ ವಿಷಯ ನಿಮ್ಮ ಡಾಕ್ಟರನ್ನೇ ಕೇಳಿ" ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಹಳೇ ವೈದ್ಯಕೀಯ ಪುಸ್ತಕ ಕೊಡುವ ಯಾರೇ ಆಗಲಿ ಇದನ್ನು ಮಾಡಲೇಬೇಕು.

ನನ್ನ ಸ್ವಂತ ಓದಿನಲ್ಲಿ ಈ ವರ್ಷ ನನ್ನನ್ನು ಅಲ್ಲಾಡಿಸಿದ್ದು ಸಿದ್ಧಾರ್ಥ ಮುಖರ್ಜಿಯವರ ಎಂಪರರ್ ಆಫ್ ಆಲ್ ಮ್ಯಾಲಡೀಸ್. ಕ್ಯಾನ್ಸರಿನ ಚರಿತ್ರೆ. 2010ರಲ್ಲಿ ಬಂತು, ಮರುವರ್ಷ ಪುಲಿಟ್ಜರ್ ಬಂತು. ನಾವು ಲ್ಯಾಬಿನವರು ಫಾಸ್ಫರಸ್ ತಪಾಸಣೆಗೆ ಫಿಸ್ಕೆ ಸುಬ್ಬರಾವ್ ವಿಧಾನ ಅಂತ ಬಾಯಿಪಾಠ ಮಾಡಿದವರು. ಆ ಸುಬ್ಬರಾವ್ ಯಾರು ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಆಂಧ್ರದ ಭೀಮಾವರಂನವರು, ಯಲ್ಲಾಪ್ರಗಡ ಸುಬ್ಬರಾವ್. 1947ರಲ್ಲಿ ಬಾಸ್ಟನ್‌ನಲ್ಲಿ ಸಿಡ್ನಿ ಫಾರ್ಬರ್ ಅನ್ನೋ ವೈದ್ಯರು ರಕ್ತದ ಕ್ಯಾನ್ಸರ್ ಆದ ಮಕ್ಕಳಿಗೆ ಕೊಟ್ಟು ನೋಡಿದ ಅಮಿನೋಪ್ಟೆರಿನ್ ಔಷಧಿ ಬಂದದ್ದು ಈ ಸುಬ್ಬರಾವ್ ಅವರ ತಂಡದಿಂದ. ಆ ಪುಟ ಓದಿ ರಾತ್ರಿ ಎದ್ದು ಲ್ಯಾಬಿಗೆ ಹೋಗಿ, ನನ್ನ ಹಳೇ ಡಿಎಂಎಲ್‌ಟಿ ನೋಟ್ಸ್ ತೆಗೆದೆ. ಹೆಸರು ಅಲ್ಲೇ ಇತ್ತು, ನನ್ನದೇ ಅಕ್ಷರದಲ್ಲಿ. ಈಗ ಕಲಿಯೋಕೆ ಬರುವ ಪ್ರತಿ ಹುಡುಗನಿಗೂ ಮೊದಲು ಈ ಕತೆ ಹೇಳುತ್ತೇನೆ, ಆಮೇಲೆ ಪುಸ್ತಕ ಕೊಡುತ್ತೇನೆ. ಐನೂರು ಪುಟ ದಾಟುತ್ತದೆ. ಹನ್ನೊಂದು ಹುಡುಗರಲ್ಲಿ ನಾಲ್ವರು ಪೂರ್ತಿ ಮುಗಿಸಿದ್ದಾರೆ.

ಇನ್ನೊಂದು ಅತುಲ್ ಗವಾಂಡೆಯವರ ಬೀಯಿಂಗ್ ಮಾರ್ಟಲ್. ಇದನ್ನು ನಾನು ಕಪಾಟಿನಲ್ಲಿ ಇಡುವುದಿಲ್ಲ, ಮೇಜಿನ ಖಾನೆಯಲ್ಲಿ ಇಟ್ಟಿರುತ್ತೇನೆ. ಇಳಿವಯಸ್ಸು, ಸಾವು, ಕೊನೆಯ ದಿನಗಳ ಪುಸ್ತಕ. ಅದರಲ್ಲಿ ಅವರ ಅಜ್ಜನ ಮಾತು ಬರುತ್ತದೆ. ಮಹಾರಾಷ್ಟ್ರದ ಹಳ್ಳಿಯ ರೈತ, ನೂರು ದಾಟಿ ಬದುಕಿದವರು, ಮನೆಮಂದಿಯ ನಡುವೆಯೇ ಇದ್ದವರು. ಕಳೆದ ವರ್ಷ ಕಾಲೇಜಿನ ಉಪನ್ಯಾಸಕರೊಬ್ಬರು ತಮ್ಮ ತಂದೆಯ ರಕ್ತ ತಂದು ಕೊಡುತ್ತಿದ್ದರು. ತಂದೆಗೆ ಎಂಬತ್ತೆಂಟು. ಹಾಸಿಗೆ ಹಿಡಿದು ವರ್ಷ ಆಗಿತ್ತು. ಮಿರಜಕ್ಕೆ ಒಯ್ಯಬೇಕೋ ಬೆಳಗಾವಿಗೋ, ಮನೆಯಲ್ಲೇ ಇರಲೋ ಅಂತ ಅಣ್ಣತಮ್ಮಂದಿರ ನಡುವೆ ಜಗಳ. ನಾನು ಏನೂ ಸಲಹೆ ಕೊಡಲಿಲ್ಲ, ಅದು ನನ್ನ ಕೆಲಸ ಅಲ್ಲ. ಖಾನೆ ತೆಗೆದು ಪುಸ್ತಕ ಕೊಟ್ಟೆ. ಮೂರೂವರೆ ತಿಂಗಳ ಮೇಲೆ ಬಂದರು. ತಲೆ ಬೋಳಿಸಿತ್ತು, ಕೂದಲು ಆಗಷ್ಟೇ ಚಿಗುರಿತ್ತು. ಪುಸ್ತಕಕ್ಕೆ ವೃತ್ತಪತ್ರಿಕೆಯ ಹೊದಿಕೆ ಹಾಕಿ ತಂದಿದ್ದರು. "ಮನ್ಯಾಗ ಹೋದ್ರು, ಎಲ್ಲಾರೂ ಹತ್ರ ಇದ್ವಿ" ಅಂದರು. ಸಾಂಗಲಿಯಲ್ಲಿರೋ ತಂಗಿಗೆ ಇದೇ ಪುಸ್ತಕ ಎಲ್ಲಿ ಸಿಗುತ್ತದೆ ಅಂತ ಕೇಳಿದರು. ಅದನ್ನೇ ತಗೊಂಡು ಹೋಗ್ರಿ ಅಂದೆ. ಆಮೇಲೆ ನನಗೆ ಬೇರೆ ಪ್ರತಿ ತರಿಸಿಕೊಂಡೆ.

ಒಂದು ಪ್ರಯೋಗವನ್ನೂ ಮಾಡಿದೆ, ಅದಕ್ಕೂ ಪುಸ್ತಕ ಹಂಚೋದಕ್ಕೂ ನೇರ ಸಂಬಂಧ ಇಲ್ಲ. ಥ್ರಿಲ್ಲರ್ ಓದಿದರೆ ಬಿಪಿ ಏರುತ್ತದೆ ಅಂತ ಗೆಳೆಯರೊಬ್ಬರು ಹಟ ಹಿಡಿದರು. ಒಪ್ಪಿದ ಇಪ್ಪತ್ತೈದು ಜನರ ಬಿಪಿಯನ್ನು ಓದುವ ಮೊದಲು, ಓದಿದ ಮೇಲೆ ನೋಡಿದೆ. ಕತೆ ಓದಿದವರದ್ದೂ ನೋಡಿದೆ. ಹೇಳಿಕೊಳ್ಳುವಂಥ ವ್ಯತ್ಯಾಸ ಏನೂ ಕಾಣಲಿಲ್ಲ. ಒಂದಂತೂ ಕಂಡಿತು. ಸುಮ್ನೆ ಕೂತು ಮೊಬೈಲಿನಲ್ಲಿ ರೀಲ್ಸ್ ನೋಡುವವರು ಹತ್ತು ಸಲ ಎದ್ದು "ರಿಪೋರ್ಟ್ ಬಂತೇನ್ರಿ?" ಅನ್ನುತ್ತಾರೆ. ಓದುವವರನ್ನು ನಾನೇ ಕೂಗಿ ಕರೆಯಬೇಕು. ಇನ್ನೊಂದು ಕೆಲಸ, ಕಣ್ಣಿನ ಪೊರೆ ಇರುವವರಿಗೆ 120 ರೂಪಾಯಿಯ ಭೂತಗನ್ನಡಿ ತಂದು ಬೆಂಚಿಗೆ ದಾರದಿಂದ ಕಟ್ಟಿದೆ. ಎರಡು ಕಳೆದವು, ಮೂರನೆಯದಕ್ಕೆ ಸರಪಳಿ ಹಾಕಿದ್ದೇನೆ.

ಮೊದಲ ಸಲ ಬಂದವರಿಗೆ ಯಾವ ಪುಸ್ತಕ ಅಂತ ಹೇಗೆ ಗೊತ್ತು ಮಾಡ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಸೂಜಿ ಚುಚ್ಚುವಾಗ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಪುಸ್ತಕಕ್ಕೆ ಸಂಬಂಧವೇ ಇಲ್ಲದ ಪ್ರಶ್ನೆ. ಉತ್ತರದ ಮೇಲೆ ಕಪಾಟಿನ ಯಾವ ಸಾಲು ಅಂತ ತೀರ್ಮಾನ ಆಗುತ್ತದೆ. ಆ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ. ಥ್ರಿಲ್ಲರಿನ ಗಂಟು ಬೀಳುವ ಪುಟದಲ್ಲಿ ನಾನು ಒಂದು ಚೀಟಿ ಇಡುತ್ತೇನೆ, ಅದರಲ್ಲಿ ಏನು ಬರೆಯುತ್ತೇನೆ ಅನ್ನೋದನ್ನೂ ಹೇಳುವುದಿಲ್ಲ. ಅದಕ್ಕೆ ನನಗೆ ನಾಲ್ಕು ವರ್ಷ ಹಿಡಿದಿದೆ.

ಉಳಿದದ್ದು ಏನು ಬೇಕಾದರೂ ಬಂದು ನೋಡಬಹುದು. ರಜಿಸ್ಟರ್ ತೋರಿಸುತ್ತೇನೆ, ಯಾರ ರಿಪೋರ್ಟೂ ಅದರಲ್ಲಿ ಇರುವುದಿಲ್ಲ, ಪುಸ್ತಕದ ನಂಬರ್ ಮತ್ತು ಬರುವ ತಿಂಗಳು ಅಷ್ಟೇ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಮಾತ್ರ ಬರಬೇಡಿ, ಖಾಲಿ ಹೊಟ್ಟೆಯವರ ಸಾಲು ಇರುತ್ತದೆ. ಮಧ್ಯಾಹ್ನ ಮೂರರ ಮೇಲೆ ಬನ್ನಿ. ಬರುವಾಗ ನೀವು ಇತ್ತೀಚೆಗೆ ಓದಿದ ಒಂದು ಥ್ರಿಲ್ಲರ್ ತನ್ನಿ. ಗಂಟು ನಲವತ್ತನೇ ಪುಟದ ಒಳಗೆ ಇರಬೇಕು.